ಬೈಕಿನ ಐಡಲ್ ಸ್ಪೀಡ್ ಹೊಂದಿಸುವುದು ಹೇಗೆ? ಸ್ಕ್ರೂ ಮುಟ್ಟುವ ಮುಂಚಿನ ಕೆಲಸದಿಂದ ಮರುದಿನ ಬೆಳಗಿನ ಪರೀಕ್ಷೆಯವರೆಗೆ

ಮೆಕ್ಕೆಜೋಳದ ಒಕ್ಕಣೆ ಮುಗಿಯುವ ಹೊತ್ತಿಗೆ, ನವೆಂಬರಿನ ಕೊನೆಯಲ್ಲಿ, ಆನಗೋಡಿನ ನನ್ನ ಸೋದರಮಾವ ತಮ್ಮ 2012ರ ಸ್ಪ್ಲೆಂಡರ್ ತಂದು ಮನೆ ಮುಂದೆ ನಿಲ್ಲಿಸಿದರು. "ಅಳಿಯಾ, ಊರಾಗೆ ಓಡಾಡಕ್ಕೆ ಏನೂ ತೊಂದ್ರೆ ಇಲ್ಲ. ದಾವಣಗೆರೆಗೆ ಬಂದು ಗಾಂಧಿ ಸರ್ಕಲ್‌ನಾಗೆ ನಿಂತ್ರೆ ಬಂದ್ ಬೀಳ್ತಿತ್ತು. ಗ್ಯಾರೇಜ್‌ನಾಗೆ ತೋರಿಸ್ದೆ, ಎರಡು ನಿಮಿಷದಾಗೆ ಸರಿ ಮಾಡಿಕೊಟ್ರು. ಈಗ ಬಂದ್ ಬೀಳಲ್ಲ, ಆದ್ರೆ ಗೇರ್ ಹಾಕಿದ್ರೆ ಎಗರ್ತೈತಿ. ಪೆಟ್ರೋಲೂ ಜಾಸ್ತಿ ಕುಡೀತೈತಿ" ಎಂದರು.

ಆ ಎರಡು ನಿಮಿಷದಲ್ಲಿ ಏನಾಗಿತ್ತೆಂದು ಗಾಡಿಯ ಸದ್ದೇ ಹೇಳುತ್ತಿತ್ತು. ಯಾರೋ ಐಡಲ್ ಸ್ಕ್ರೂ, ಅಂದರೆ ಎಕ್ಸಿಲೇಟರ್ ಬಿಟ್ಟಾಗ ಎಂಜಿನ್ ತಾನಾಗಿ ತಿರುಗುವ ವೇಗವನ್ನು (ಐಡಲ್) ಹೊಂದಿಸುವ ಸ್ಕ್ರೂ, ಒಂದೂವರೆ ಸುತ್ತು ಬಿಗಿ ಮಾಡಿ ಕಳಿಸಿದ್ದರು. ಗಾಡಿ ಬಂದ್ ಬೀಳುವುದು ನಿಂತಿತು, ಬಂದ್ ಬೀಳುತ್ತಿದ್ದ ಕಾರಣ ಮಾತ್ರ ಒಳಗೇ ಉಳಿಯಿತು. ನಮ್ಮ ಕಡೆ ಬಹಳ ಬೈಕುಗಳ ಕಥೆ ಇದೇ. ಐಡಲ್ ಸ್ಕ್ರೂ ತಿರುಗಿಸುವುದು ಒಂದು ಸ್ಕ್ರೂಡ್ರೈವರ್, ಅರ್ಧ ನಿಮಿಷದ ಕೆಲಸ. ಆದರೆ ಅದು ಕೊನೆಗೆ ಮಾಡಬೇಕಾದ ಕೆಲಸ. ಅದಕ್ಕಿಂತ ಮುಂಚಿನ ಮುಕ್ಕಾಲು ಗಂಟೆಯೇ ನಿಜವಾದ ಟ್ಯೂನಿಂಗ್. ಮಾವನ ಗಾಡಿಗೆ ನಾನು ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇರುವ ಯಾವ ಬೈಕಿಗಾದರೂ ಇದು ಹೊಂದುತ್ತದೆ. ಎಫ್‌ಐ (ಫ್ಯುಯೆಲ್ ಇಂಜೆಕ್ಷನ್, ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ) ಗಾಡಿಗಳ ವಿಷಯ ಬೇರೆ, ಅದು ಕೊನೆಯ ಹತ್ತಿರ ಇದೆ.

ತೊಂದರೆ ಮೊದಲು ಐಡಲ್‌ನಲ್ಲೇ ಏಕೆ ಕಾಣುತ್ತದೆ

ಎಕ್ಸಿಲೇಟರ್ ಪೂರ್ತಿ ಬಿಟ್ಟಾಗ ಕಾರ್ಬೊರೇಟರಿನ ಬಾಗಿಲು ಕೂದಲೆಳೆಯಷ್ಟು ಮಾತ್ರ ತೆರೆದಿರುತ್ತದೆ. ವೇಗವಾಗಿ ಓಡುವಾಗ ಬಳಕೆಯಾಗುವ ದೊಡ್ಡ ತೂತಿನ ಮೇನ್ ಜೆಟ್‌ನಿಂದ ಪೆಟ್ರೋಲ್ ಬರುವುದೇ ಇಲ್ಲ. ಎಂಜಿನ್ ಬದುಕುವುದು ಪೈಲಟ್ ಜೆಟ್ ಎಂಬ ಸಣ್ಣ ಹಿತ್ತಾಳೆ ತುಂಡಿನ ಮೂಲಕ ಬರುವ ಪೆಟ್ರೋಲಿನಿಂದ. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಹಳೆ ಪೆಟ್ರೋಲಿನ ಅಂಟು ತೆಳುವಾಗಿ ಕೂತರೂ ಸಾಕು, ಆ ದಾರಿ ಅರ್ಧ ಮುಚ್ಚಿಹೋಗುತ್ತದೆ.

ಇನ್ನೊಂದು ಲೆಕ್ಕ ನೋಡಿ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಬೆಂಕಿ ಹಿಡಿಯುತ್ತದೆ. 1400 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1400 ಸುತ್ತು) ನಿಮಿಷಕ್ಕೆ 700 ಸಲ, ಅಂದರೆ ಸೆಕೆಂಡಿಗೆ ಹನ್ನೆರಡಕ್ಕೆ ಹತ್ತಿರ. 5000 ಆರ್‌ಪಿಎಂನಲ್ಲಿ ಒಂದು ಸಲ ಬೆಂಕಿ ತಪ್ಪಿದರೆ ವೇಗವೇ ಎಂಜಿನ್ನನ್ನು ಮುಂದೆ ಎಳೆದುಕೊಂಡು ಹೋಗುತ್ತದೆ. ಐಡಲ್‌ನಲ್ಲಿ ಆ ಆಸರೆ ಇಲ್ಲ. ಎರಡು ಸಲ ತಪ್ಪಿತೋ, ಗಾಡಿ ನಿಂತಿತು. ಹಾಗಾಗಿ ಪ್ಲಗ್ ಸವೆದರೂ, ಗಾಳಿ ಫಿಲ್ಟರ್ ಕಟ್ಟಿದರೂ, ಟಪೆಟ್ (ವಾಲ್ವ್ ತೆರೆಯುವ ಭಾಗ) ಬಿಗಿಯಾದರೂ ಮೊದಲು ತಿಳಿಯುವುದು ಸಿಗ್ನಲ್ಲಿನಲ್ಲಿ ನಿಂತಾಗ. ಮಾವನಿಗೆ ಊರಿನಲ್ಲಿ ಗೊತ್ತಾಗದೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಗೊತ್ತಾಗಿದ್ದು ಅದಕ್ಕೇ. ಆನಗೋಡಿನಲ್ಲಿ ನಿಲ್ಲಿಸಿಕೊಂಡು ಕಾಯುವ ಪ್ರಮೇಯವೇ ಬರುವುದಿಲ್ಲ.

ಎಷ್ಟಿರಬೇಕು?

ನಿಮ್ಮ ಗಾಡಿಯ ಜತೆ ಬಂದ ಪುಸ್ತಕ ಹೇಳಿದಷ್ಟು. ನಮ್ಮ ರಸ್ತೆಗಳಲ್ಲಿ ಓಡಾಡುವ 100ರಿಂದ 150 ಸಿಸಿಯ ಬಹಳಷ್ಟು ಬೈಕುಗಳಿಗೆ ಅದು 1400, ಅದರಲ್ಲಿ 100 ಹೆಚ್ಚು ಕಡಿಮೆ. ಸ್ಪ್ಲೆಂಡರ್‌ಗೂ ಅಷ್ಟೇ, ಪಲ್ಸರ್ 150ಕ್ಕೂ ಅಷ್ಟೇ. ಗೇರ್ ಇಲ್ಲದ ಸ್ಕೂಟರ್‌ಗಳದ್ದು ಸ್ವಲ್ಪ ಮೇಲಿರುತ್ತದೆ, ಆಕ್ಟಿವಾಕ್ಕೆ 1700ರ ಆಸುಪಾಸು. 350 ಸಿಸಿ ಬುಲೆಟ್, ಕ್ಲಾಸಿಕ್‌ಗಳು 1000ದ ಸುತ್ತಮುತ್ತ ತಿರುಗುತ್ತವೆ.

ಕಡಿಮೆಯಾದರೆ ಬಂದ್ ಬೀಳುವುದೊಂದೇ ಕಷ್ಟವಲ್ಲ. ಆಯಿಲ್ ಪಂಪ್ ಎಂಜಿನ್ನಿನಿಂದಲೇ ತಿರುಗುವುದರಿಂದ ಹೆಡ್‌ಗೆ (ಎಂಜಿನ್ನಿನ ಮೇಲ್ಭಾಗಕ್ಕೆ) ಏರುವ ಆಯಿಲ್ ಕಡಿಮೆಯಾಗುತ್ತದೆ, ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಹೆಚ್ಚಾದರೆ ಮೊದಲ ಗೇರ್‌ಗೆ ಹಾಕುವಾಗ ಟಕ್ ಎಂದು ಹೊಡೆದು ಗಾಡಿ ಮುಂದಕ್ಕೆ ಜಿಗಿಯುತ್ತದೆ, ಕ್ಲಚ್ ಪ್ಲೇಟ್ ಸವೆಯುತ್ತದೆ, ಎಕ್ಸಿಲೇಟರ್ ಬಿಟ್ಟರೂ ಗಾಡಿ ಎಳೆಯುತ್ತಲೇ ಇರುತ್ತದೆ. ನನಗೆ ಹೆಚ್ಚು ಭಯ ಈ ಕೊನೆಯದರದ್ದು. ಸಂತೆ ದಿನ ಜನ, ದನ, ಆಟೋ ನಡುವೆ ನುಸುಳುವಾಗ ಗಾಡಿ ತಾನಾಗಿ ಮುಂದೆ ಎಳೆದರೆ ಬ್ರೇಕ್ ಮೇಲೆ ಕೈ ಎಷ್ಟು ಸಲ ಹೋದೀತು?

ಮೀಟರ್ ಇಲ್ಲದ ಗಾಡಿಯಲ್ಲಿ ಅಳೆಯುವುದು

ಪಲ್ಸರ್‌ನಂಥ ಗಾಡಿಗಳಲ್ಲಿ ಆರ್‌ಪಿಎಂ ಮೀಟರ್ ಇದೆ, ನೋಡಿಕೊಂಡರಾಯಿತು. ಸ್ಪ್ಲೆಂಡರ್, ಹಳೆ ಶೈನ್, ಪ್ಲಾಟಿನಾಗಳಲ್ಲಿ ಇಲ್ಲ. ಕಿವಿಯ ಅಂದಾಜು ಹದಿನೈದು ವರ್ಷ ಕೈ ಕೊಳೆ ಮಾಡಿಕೊಂಡ ಮೆಕ್ಯಾನಿಕ್‌ಗೆ ಸಾಧ್ಯ, ನಮಗಲ್ಲ. ಎರಡು ದಾರಿಗಳಿವೆ.

ಮೊದಲನೆಯದು, ಪ್ಲಗ್ ವೈರಿಗೆ ಸುತ್ತುವ ಚಿಕ್ಕ ಡಿಜಿಟಲ್ ಟ್ಯಾಕೋಮೀಟರ್. ಹೆಚ್ಚು ಬೆಲೆಯದಲ್ಲ. ಆದರೆ ಅದರ ಸೆಟ್ಟಿಂಗ್ ಸರಿ ಇಡಬೇಕು. ಒಂದೇ ಸಿಲಿಂಡರಿನ ನಮ್ಮ ಬಹುಪಾಲು ಬೈಕುಗಳಲ್ಲಿ ಬೆಂಕಿ ಹಿಡಿಯುವುದು ಎರಡು ಸುತ್ತಿಗೊಮ್ಮೆಯಾದರೂ ಕಿಡಿ ಪ್ರತಿ ಸುತ್ತಿಗೂ ಹಾರುತ್ತದೆ. 'ಒಂದು ಸುತ್ತಿಗೆ ಒಂದು ಕಿಡಿ' ಎಂದೇ ಇಡಿ. ಇಲ್ಲದಿದ್ದರೆ 1400ರ ಜಾಗದಲ್ಲಿ 2800 ತೋರಿಸುತ್ತದೆ, ನೀವು ಗಾಬರಿಯಾಗಿ ಐಡಲ್ ಇಳಿಸಿಬಿಡುತ್ತೀರಿ.

ಎರಡನೆಯದಕ್ಕೆ ಕಾಸು ಬೇಡ. ಧ್ವನಿಯ ಅಲೆ ತೋರಿಸುವ ರೆಕಾರ್ಡರ್ ಆಪ್ ಮೊಬೈಲಿಗೆ ಹಾಕಿಕೊಳ್ಳಿ. ಸೈಲೆನ್ಸರ್ ಬಾಯಿಯ ಪಕ್ಕಕ್ಕೆ, ಬಿಸಿ ಗಾಳಿ ನೇರ ಬೀಳದಂತೆ, ಒಂದು ಮೊಳ ದೂರದಲ್ಲಿ ಹಿಡಿದು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಆಮೇಲೆ ಅಲೆಯನ್ನು ಹಿಗ್ಗಿಸಿ ನೋಡಿದರೆ ಒಂದೊಂದು ಹೊಡೆತಕ್ಕೂ ಒಂದೊಂದು ಗುಡ್ಡ ಕಾಣುತ್ತದೆ. ಸರಿಯಾಗಿ 5 ಸೆಕೆಂಡಿನಲ್ಲಿ ಎಷ್ಟು ಗುಡ್ಡಗಳಿವೆ ಎಂದು ಎಣಿಸಿ 24ರಿಂದ ಗುಣಿಸಿ. 58 ಸಿಕ್ಕರೆ 1392 ಆರ್‌ಪಿಎಂ. ಒಂದೇ ಸೆಕೆಂಡ್ ಎಣಿಸಿದರೆ ಸಾಲದು, ಅಲ್ಲಿ ಒಂದು ಗುಡ್ಡ ತಪ್ಪಿದರೆ 120 ಆರ್‌ಪಿಎಂ ವ್ಯತ್ಯಾಸ ಬರುತ್ತದೆ. ಐದು ಸೆಕೆಂಡ್ ಎಣಿಸಿದಾಗ ಆ ತಪ್ಪು 24ಕ್ಕೆ ಇಳಿಯುತ್ತದೆ. ಆರ್‌ಎಕ್ಸ್ 100ರಂಥ ಎರಡು ಸ್ಟ್ರೋಕ್ ಗಾಡಿ ಪ್ರತಿ ಸುತ್ತಿಗೂ ಹೊಡೆಯುವುದರಿಂದ 12ರಿಂದ ಗುಣಿಸಬೇಕು.

ಮಾವನ ಗಾಡಿಯಲ್ಲಿ ಎಣಿಸಿದಾಗ 76 ಸಿಕ್ಕಿತು. 1824 ಆರ್‌ಪಿಎಂ! ಎಗರದೆ ಏನು ಮಾಡೀತು.

ಸ್ಕ್ರೂ ಮುಟ್ಟುವ ಮುಂಚೆ

ಎಂಜಿನ್ ತಣ್ಣಗಿರುವಾಗಲೇ ಇದನ್ನು ಮಾಡಬೇಕು. ನಾನು ಹಿಂದಿನ ರಾತ್ರಿಯೇ ಗಾಡಿ ನಿಲ್ಲಿಸಿಕೊಂಡು ಬೆಳಿಗ್ಗೆ ಶುರು ಮಾಡಿದೆ.

ಮೊದಲು ಗಾಳಿ ಫಿಲ್ಟರ್ ತೆಗೆಯಿರಿ. ಅಕ್ಟೋಬರ್, ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳದ ಧೂಳು ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ರಸ್ತೆ ಮೇಲೆಲ್ಲ ಕಾಳು ಹರವಿರುತ್ತಾರೆ, ಒಕ್ಕಣೆ ಯಂತ್ರದ ಪಕ್ಕದಲ್ಲೇ ಗಾಡಿ ನಿಂತಿರುತ್ತದೆ. ಮಾವನ ಫಿಲ್ಟರ್ ತೆಗೆದು ನೆಲಕ್ಕೆ ತಟ್ಟಿದರೆ ಹಳದಿ ಪುಡಿ ಗುಪ್ಪೆ ಬಿತ್ತು. ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು. ಪ್ಲಗ್ ಕಪ್ಪಾಗುತ್ತದೆ, ಐಡಲ್ ಬೀಳುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ (ತಿರುಚಬೇಡಿ, ಹರಿಯುತ್ತದೆ), ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಸವರಿ ಹಾಕಿ. ಕಾಗದದ ಫಿಲ್ಟರ್ ಎಣ್ಣೆ ಪಸೆಯದ್ದಾಗಿದ್ದರೆ ತೊಳೆಯುವುದೂ ಬೇಡ, ಗಾಳಿ ಹೊಡೆಸುವುದೂ ಬೇಡ, ಹೊಸದು ಹಾಕಿ. ಪುಸ್ತಕದಲ್ಲಿ ಇಷ್ಟು ಸಾವಿರ ಕಿಲೋಮೀಟರ್ ಎಂದು ಬರೆದಿರುತ್ತದೆ. ಹೊಲದ ದಾರಿಯಲ್ಲಿ, ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ದಿನಾ ಓಡುವ ಗಾಡಿಗೆ ಅದಕ್ಕಿಂತ ಬೇಗ ಬದಲಿಸಬೇಕು.

ಆಮೇಲೆ ಪ್ಲಗ್. ತುದಿ ಇಟ್ಟಿಗೆಯ ಕಂದು ಬಣ್ಣಕ್ಕಿದ್ದರೆ ಒಳ್ಳೆಯದು. ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬಿಳಿಯಾಗಿದ್ದರೆ ಗಾಳಿ ಹೆಚ್ಚು. ಒದ್ದೆಯಾಗಿ ಎಣ್ಣೆ ಮೆತ್ತಿದ್ದರೆ ಮಾತ್ರ ಟ್ಯೂನಿಂಗ್ ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಿ, ಅದು ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಮಾತು. ತುದಿಯ ಗ್ಯಾಪನ್ನು ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಪಟ್ಟಿಗಳು) ನೋಡಿ ಪುಸ್ತಕದ ಅಳತೆಗೆ ತನ್ನಿ.

ಟಪೆಟ್ ಸದ್ದು ಬಾರದಿದ್ದರೆ ಸರಿ ಇದೆ ಎಂದು ಜನ ತಿಳಿದಿರುತ್ತಾರೆ. ಬಿಗಿಯಾದ ಟಪೆಟ್ ಸದ್ದೇ ಮಾಡುವುದಿಲ್ಲ. ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರಿ, ಎಂಜಿನ್ ಬಿಸಿಯಾದ ಮೇಲೆ ಐಡಲ್ ನಿಲ್ಲದೇ ಹೋಗುತ್ತದೆ. ತಣ್ಣಗಿರುವಾಗ ಅಳತೆ ನೋಡಿಸಿಕೊಳ್ಳಿ. ನೀವೇ ಹಿಂದೆ ಮಾಡಿರದಿದ್ದರೆ ಈ ಒಂದನ್ನು ಗೊತ್ತಿರುವವರ ಕೈಲೇ ಮಾಡಿಸಿ.

ಎಕ್ಸಿಲೇಟರ್ ಕೇಬಲ್‌ನಲ್ಲಿ ಸಡಿಲ ಇರಲೇಬೇಕು. ಹಿಡಿಯನ್ನು ತಿರುಗಿಸಿದಾಗ ಅಂಚಿನಲ್ಲಿ 2ರಿಂದ 6 ಮಿಲಿಮೀಟರ್ ಸುಮ್ಮನೆ ತಿರುಗಿ, ಆಮೇಲೆ ಎಳೆತ ಸಿಗಬೇಕು. ಕೇಬಲ್ ಬಿಗಿ ಇದ್ದರೆ ಕಾರ್ಬೊರೇಟರ್ ಬಾಗಿಲನ್ನು ಸ್ಕ್ರೂ ಬದಲು ಕೇಬಲ್ಲೇ ಹಿಡಿದಿರುತ್ತದೆ. ಆಗ ನೀವು ಸ್ಕ್ರೂ ಎಷ್ಟು ಬಿಚ್ಚಿದರೂ ಐಡಲ್ ಇಳಿಯುವುದಿಲ್ಲ. ಕೈ ಬಿಟ್ಟ ಕೂಡಲೇ ಹಿಡಿ ತಾನಾಗಿ ಟಪ್ಪೆಂದು ಹಿಂದೆ ಬರಬೇಕು. ತಣ್ಣನೆಯ ಎಂಜಿನ್ ಚಾಲೂ ಮಾಡಲು ಎಳೆಯುವ ಚೋಕ್ ಪೂರ್ತಿ ಒಳಗೆ ಹೋಗಿದೆಯೇ ಎಂದೂ ನೋಡಿ. ಕಾಲು ಭಾಗ ಹೊರಗೆ ಉಳಿದ ಚೋಕ್‌ನಿಂದ ಇಡೀ ದಿನ ಕಳೆದವರನ್ನು ಕಂಡಿದ್ದೇನೆ.

ಕಾರ್ಬೊರೇಟರಿನ ತಳದ ಬಟ್ಟಲಿಗೆ ಒಂದು ಡ್ರೇನ್ ಸ್ಕ್ರೂ ಇರುತ್ತದೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಕೆಳಗೆ ಗಾಜಿನ ಬಾಟಲಿ ಹಿಡಿದು ಅದನ್ನು ಬಿಚ್ಚಿ. ಬಾಟಲಿಯ ತಳದಲ್ಲಿ ನೀರಿನ ಗುಳ್ಳೆ ಉರುಳಾಡುತ್ತಿದ್ದರೆ ಅರ್ಧ ಕಾರಣ ಸಿಕ್ಕಂತೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20%ವರೆಗೆ ಎಥನಾಲ್ ಇದೆ, ಅದು ನೀರನ್ನು ಎಳೆದುಕೊಳ್ಳುವ ಗುಣದ್ದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಈ ತೊಂದರೆ ಹೆಚ್ಚು. ಈ ಕೆಲಸ ಬಯಲಲ್ಲಿ ಮಾಡಿ. ಬೀಡಿ, ಸಿಗರೇಟು, ಒಲೆ ಹತ್ತಿರದಲ್ಲೆಲ್ಲೂ ಇರಬಾರದು.

ಇಷ್ಟಾದರೂ ಐಡಲ್ ನಿಲ್ಲದಿದ್ದರೆ ಪೈಲಟ್ ಜೆಟ್ ತೆಗೆಸಿ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಹಾಯಿಸಿ, ಬೆಳಕಿಗೆ ಹಿಡಿದರೆ ತೂತು ಗುಂಡಗೆ ಕಾಣಬೇಕು. ಸೂಜಿ, ಗುಂಡುಪಿನ್ನು, ಕ್ಲಚ್ ವೈರಿನ ಎಳೆ ಯಾವುದನ್ನೂ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಆ ಜೆಟ್ ಕೆಟ್ಟಂತೆಯೇ. ಮಾವನ ಗಾಡಿಯಲ್ಲಿ ಫಿಲ್ಟರ್ ಒಂದು ಕಾರಣವಾದರೆ ಇದು ಎರಡನೆಯದು. ಜೆಟ್ಟಿನ ತೂತಿಗೆ ಬೆಲ್ಲದ ಪಾಕದಂಥ ಅಂಟು ಹಿಡಿದಿತ್ತು.

ಯಾವ ಸ್ಕ್ರೂ ಯಾವುದು

ಕಾರ್ಬೊರೇಟರ್ ಹೊರಗೆ ಎರಡು ಸ್ಕ್ರೂ ಕಾಣುತ್ತವೆ, ಇವೆರಡನ್ನು ಅದಲುಬದಲು ಮಾಡಿಕೊಂಡರೆ ಕೆಲಸ ಕೆಡುತ್ತದೆ.

ಐಡಲ್ ಸ್ಕ್ರೂ ದೊಡ್ಡದು, ಕುತ್ತಿಗೆಯಲ್ಲಿ ಸ್ಪ್ರಿಂಗ್ ಇರುತ್ತದೆ, ಕೆಲವು ಗಾಡಿಯಲ್ಲಿ ಕೈಯಲ್ಲೇ ತಿರುಗಿಸುವ ಪ್ಲಾಸ್ಟಿಕ್ ಗುಂಡಿ. ಎಕ್ಸಿಲೇಟರ್ ಕೇಬಲ್ ಹಿಡಿದು ಕಾರ್ಬೊರೇಟರ್‌ವರೆಗೆ ಹೋಗಿ. ಯಾವ ಸ್ಕ್ರೂವಿನ ತುದಿ ಒಳಗಿನ ಬಾಗಿಲನ್ನೋ ಅದರ ಸನ್ನೆಯನ್ನೋ ತಡೆದು ನಿಲ್ಲಿಸುತ್ತದೋ ಅದೇ ಇದು. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಏರುತ್ತದೆ, ಉಲ್ಟಾ ತಿರುಗಿಸಿದರೆ ಇಳಿಯುತ್ತದೆ.

ಇನ್ನೊಂದು ಚಿಕ್ಕದು, ಒಂದು ಕುಳಿಯೊಳಗೆ ಅಡಗಿರುತ್ತದೆ. ಇದು ಗಾಳಿ, ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಶ್ರಣದ ಸ್ಕ್ರೂ. ಇದರಲ್ಲೂ ಎರಡು ಜಾತಿ. ಗಾಳಿ ಫಿಲ್ಟರ್ ಕಡೆಗೆ ಇದ್ದರೆ ಸಾಮಾನ್ಯವಾಗಿ ಗಾಳಿಯ ಸ್ಕ್ರೂ, ಬಿಚ್ಚಿದಷ್ಟೂ ಗಾಳಿ ಹೆಚ್ಚು. ಎಂಜಿನ್ ಕಡೆಗೆ ಇದ್ದರೆ ಪೆಟ್ರೋಲ್ ಸ್ಕ್ರೂ, ಬಿಚ್ಚಿದಷ್ಟೂ ಪೆಟ್ರೋಲ್ ಹೆಚ್ಚು. ಮೇಲೆ ಮುಚ್ಚಳ ಒತ್ತಿ ಸೀಲ್ ಮಾಡಿದ್ದರೆ ಅದನ್ನು ಕೊರೆದು ತೆಗೆಯಬೇಡಿ. ಹೊಗೆ ಮಿತಿಯ ಸಲುವಾಗಿ ಕಾರ್ಖಾನೆಯಲ್ಲೇ ಹೊಂದಿಸಿಟ್ಟಿದ್ದು ಅದು.

ಹೊಂದಿಸುವುದು

ಗಾಡಿಯನ್ನು ಬಿಸಿ ಮಾಡಿ. ಮನೆ ಮುಂದೆ ನಿಲ್ಲಿಸಿ ರೇಸ್ ಕೊಟ್ಟು ಬಿಸಿ ಮಾಡುವುದಲ್ಲ, ಓಡಿಸಿ. ನಾನು ವಿದ್ಯಾನಗರದಿಂದ ಬಾತಿವರೆಗೆ ಹೋಗಿ ಬಂದೆ. ಹದಿನೈದು ನಿಮಿಷ ಓಡಿದರೆ ಆಯಿಲ್ ತೆಳುವಾಗಿ ಎಂಜಿನ್ ತನ್ನ ನಿಜವಾದ ಹದಕ್ಕೆ ಬರುತ್ತದೆ. ತಣ್ಣನೆಯ ಎಂಜಿನ್ನಿಗೆ ಐಡಲ್ ಹೊಂದಿಸಿದರೆ ಬಿಸಿಯಾದಾಗ ಅದು ಇನ್ನೂರು, ಮುನ್ನೂರು ಮೇಲೆ ಹೋಗಿ ಕೂರುತ್ತದೆ. ಡಿಸೆಂಬರ್ ಬೆಳಿಗ್ಗೆ ಬಂದ್ ಬೀಳುತ್ತದೆಂದು ಸ್ಕ್ರೂ ಏರಿಸಿ, ಬೇಸಿಗೆವರೆಗೂ ಹಾಗೇ ಬಿಡುವವರ ಗಾಡಿಗಳು ಏಪ್ರಿಲ್ ಬಿಸಿಲಿಗೆ ಕಿರುಚುವುದು ಇದರಿಂದಲೇ. ಚಳಿಗೆ ಇರುವುದು ಚೋಕ್.

ಬಂದ ಮೇಲೆ ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಬಿಡಿ. ಶೆಡ್ಡಿನೊಳಗೆ, ಬಾಗಿಲು ಹಾಕಿದ ಗ್ಯಾರೇಜಿನೊಳಗೆ ಎಂದೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ಸುತ್ತುವವರೆಗೆ ಗೊತ್ತಾಗುವುದಿಲ್ಲ. ಸೈಲೆನ್ಸರ್ ಕೈಗೆ ತಾಗದಂತೆ ಉದ್ದ ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ, ಮಕ್ಕಳನ್ನು ದೂರ ಇರಿಸಿ.

ಐಡಲ್ ಸ್ಕ್ರೂ ಈಗಿರುವ ಸ್ಥಾನಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಎಡವಟ್ಟಾದರೆ ಮರಳಿ ಬರಲು ದಾರಿ ಬೇಕಲ್ಲ. ಆಮೇಲೆ ಕಾಲು ಸುತ್ತು ತಿರುಗಿಸಿ, ಹತ್ತು ಸೆಕೆಂಡ್ ಕಾಯಿರಿ, ಅಳೆಯಿರಿ. ಮತ್ತೆ ಕಾಲು ಸುತ್ತು. ಈ ಕಾಯುವುದನ್ನೇ ಎಲ್ಲರೂ ಬಿಡುತ್ತಾರೆ. ಎಂಜಿನ್ ಹೊಸ ವೇಗಕ್ಕೆ ನೆಲೆಯಾಗಲು ಸಮಯ ಬೇಕು. ಸ್ಕ್ರೂ ಸರಸರ ತಿರುಗಿಸುತ್ತ ಕಿವಿಗೊಟ್ಟರೆ ನಿಮ್ಮ ಕೈಯೂ ಎಂಜಿನ್ನೂ ಒಂದರ ಹಿಂದೆ ಒಂದು ಓಡುತ್ತಿರುತ್ತವೆ. 1400ಕ್ಕೆ ತಂದು, ಒಂದು ಸಲ ರೇಸ್ ಕೊಟ್ಟು ಬಿಟ್ಟು, ಮತ್ತೆ ಅಳೆಯಿರಿ. ಅಷ್ಟೇ ಇದ್ದರೆ ಐಡಲ್ ಸ್ಕ್ರೂವಿನ ಕೆಲಸ ಮುಗಿಯಿತು.

ಐಡಲ್ ವೇಗ ಸರಿ ಇದ್ದೂ ಎಂಜಿನ್ ಕುಂಟುತ್ತಿದ್ದರೆ ಮಾತ್ರ ಮಿಶ್ರಣದ ಸ್ಕ್ರೂ ಕಡೆ ಹೋಗಿ. ಎಂಜಿನ್ ನಿಲ್ಲಿಸಿ, ಆ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸುತ್ತ ಎಷ್ಟು ಸುತ್ತಿಗೆ ಮುಟ್ಟುತ್ತದೆ ಎಂದು ಎಣಿಸಿ ಬರೆದಿಡಿ. ತುದಿ ಸೂಜಿಯಂತಿದೆ, ಒತ್ತಿ ಬಿಗಿ ಮಾಡಿದರೆ ಅದರ ಕುಳಿತುಕೊಳ್ಳುವ ಜಾಗವೇ ಹಾಳು. ಪುಸ್ತಕದಲ್ಲಿ ಅಳತೆ ಇದ್ದರೆ ಅಷ್ಟು ಬಿಚ್ಚಿ, ಇಲ್ಲದಿದ್ದರೆ ಎರಡು ಸುತ್ತು ಬಿಚ್ಚಿ ಶುರು ಮಾಡಿ. ಎಂಜಿನ್ ಚಾಲೂ ಮಾಡಿ, ಒಂದು ದಿಕ್ಕಿಗೆ ಕಾಲು ಕಾಲು ಸುತ್ತು ತಿರುಗಿಸಿ, ಪ್ರತಿ ಸಲ ಹತ್ತು ಹದಿನೈದು ಸೆಕೆಂಡ್ ಕಾಯಿರಿ. ವೇಗ ಏರುತ್ತ ಹೋಗಿ ಒಂದು ಕಡೆ ಮತ್ತೆ ಬೀಳತೊಡಗುತ್ತದೆ. ಅತಿ ಹೆಚ್ಚಿದ್ದ ಜಾಗಕ್ಕೆ ಮರಳಿ. ಈಗ ಐಡಲ್ 1400 ದಾಟಿರುತ್ತದೆ, ಐಡಲ್ ಸ್ಕ್ರೂನಿಂದ ಇಳಿಸಿ. ಮತ್ತೊಮ್ಮೆ ಮಿಶ್ರಣ, ಮತ್ತೊಮ್ಮೆ ಐಡಲ್. ಎರಡು ಸಲ ಸುತ್ತಿ ಬಂದರೆ ಸಾಕು. ಮಿಶ್ರಣದ ಸ್ಕ್ರೂ ಮುಕ್ಕಾಲು ಸುತ್ತಿಗಿಂತ ಕಡಿಮೆ, ಇಲ್ಲವೇ ಮೂರೂವರೆ ಸುತ್ತಿಗಿಂತ ಹೆಚ್ಚು ಬಿಚ್ಚಿದಾಗಲೇ ಎಂಜಿನ್ ಸರಿ ಓಡುತ್ತದೆಂದರೆ ಜೆಟ್ ಕಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿದೆ. ಹಿಂದಿನ ಹಂತಕ್ಕೆ ಮರಳಿ.

ಸರಿ ಆಗಿದೆಯೇ ಎಂದು ತಿಳಿಯುವ ಬಗೆ

ಎಕ್ಸಿಲೇಟರನ್ನು ಅರ್ಧದವರೆಗೆ ಥಟ್ಟನೆ ತಿರುಗಿಸಿ ಬಿಡಿ, ವೇಗ ಇಳಿಯುವ ರೀತಿಗೆ ಕಿವಿಗೊಡಿ. ನೇರವಾಗಿ ಇಳಿದು 1400ರಲ್ಲಿ ನಿಂತರೆ ಸೊಗಸು. ಮೇಲೆಯೇ ತೂಗಾಡಿ ನಿಧಾನ ಇಳಿದರೆ ಗಾಳಿ ಹೆಚ್ಚಾಗಿದೆ: ಮಿಶ್ರಣ ತೆಳು, ಅಥವಾ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್, ಓ-ರಿಂಗ್ ಸೀಳಿದೆ. ಆ ಜೋಡಣೆಯ ಮೇಲೆ ಸೋಪು ನೀರನ್ನು ಸ್ವಲ್ಪ ಸಿಂಪಡಿಸಿ ನೋಡಿ, ಸದ್ದು ಬದಲಾದರೆ ಸೋರಿಕೆ ಅಲ್ಲೇ. ಬಿಸಿ ಎಂಜಿನ್ ಮೇಲೆ ಪೆಟ್ರೋಲನ್ನೋ ಕ್ಲೀನರ್ ಸ್ಪ್ರೇಯನ್ನೋ ಹೊಡೆದು ನೋಡುವ ಅಭ್ಯಾಸ ಕೆಲವರಿಗಿದೆ. ಬೆಂಕಿಯ ಕೆಲಸ ಅದು, ಬೇಡವೇ ಬೇಡ. ಇನ್ನು ವೇಗ 1400ಕ್ಕಿಂತ ಕೆಳಗೆ ಮುಳುಗಿ, ಸಾಯುವಂತಾಗಿ, ಮತ್ತೆ ಎದ್ದು ಬಂದರೆ ಪೆಟ್ರೋಲ್ ಹೆಚ್ಚಾಗಿದೆ.

ಗಾಡಿ ಚಾಲೂ ಇರುವಾಗಲೇ ಹ್ಯಾಂಡಲನ್ನು ಎಡತುದಿಗೆ, ಬಲತುದಿಗೆ ತಿರುಗಿಸಿ. ವೇಗ ಏರಬಾರದು. ಏರಿದರೆ ಕೇಬಲ್ ಎಲ್ಲೋ ಬಿಗಿ ಹಿಡಿಯುತ್ತಿದೆ. ಈ ಒಂದನ್ನು ಸರಿ ಮಾಡದೆ ರಸ್ತೆಗೆ ಇಳಿಯಬೇಡಿ. ಯು ಟರ್ನ್ ತೆಗೆದುಕೊಳ್ಳುವಾಗ ಗಾಡಿ ತಾನಾಗಿ ರೇಸ್ ತೆಗೆದುಕೊಂಡರೆ ಕೆಳಗೆ ಬೀಳುವವರು ನೀವೊಬ್ಬರೇ ಆಗಿರುವುದಿಲ್ಲ, ಹಿಂದೆ ಕೂತವರೂ ಬೀಳುತ್ತಾರೆ.

ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲ ಹಾಕಿ ಹಾರ್ನ್ ಒತ್ತಿ. ಸ್ವಲ್ಪ ಅಳುಕಿದರೂ ಬಂದ್ ಬೀಳಬಾರದು.

ಇದಾದ ಮೇಲೆ ಹೊಗೆ ತಪಾಸಣೆಗೆ ಹೋಗುವುದು ಒಳ್ಳೆಯದು. ಪೆಟ್ರೋಲ್ ಬೈಕಿನ ತಪಾಸಣೆ ನಡೆಯುವುದೇ ಐಡಲ್‌ನಲ್ಲಿ. ಮಾವನ ಗಾಡಿಯ ಕಾಲದ ನಾಲ್ಕು ಸ್ಟ್ರೋಕ್ ಬೈಕಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ 3.5%. ಚೀಟಿಯಲ್ಲಿ ಬರುವ ಆ ಅಂಕಿ ನಿಮ್ಮ ಮಿಶ್ರಣದ ಸ್ಕ್ರೂವಿನ ಫಲಿತಾಂಶ ಎಂದು ಓದಿಕೊಳ್ಳಿ. ಮಿತಿಯ ಅಂಚಿನಲ್ಲಿದ್ದರೆ ಪೆಟ್ರೋಲ್ ಸುಮ್ಮನೆ ಹೋಗುತ್ತಿದೆ.

ಊರು ಬದಲಾದರೂ ಐಡಲ್ ಸ್ವಲ್ಪ ಬದಲಾಗುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 700 ದಾಟುತ್ತದೆ. ಈ ವ್ಯತ್ಯಾಸ ಎಂಜಿನ್ನಿಗೆ ಲೆಕ್ಕಕ್ಕಿಲ್ಲ. 1900 ಮೀಟರ್ ದಾಟಿದ ಮುಳ್ಳಯ್ಯನಗಿರಿಗೆ ಹತ್ತಿದರೆ ಗಾಳಿ ತೆಳುವಾಗಿ ಐಡಲ್ ಇಳಿಯುತ್ತದೆ. ಅಲ್ಲಿ ಸ್ಕ್ರೂ ತಿರುಗಿಸಬೇಡಿ, ಇಳಿದು ಬಂದರೆ ತಾನೇ ಸರಿಯಾಗುತ್ತದೆ.

ಎಫ್‌ಐ ಗಾಡಿಗಳು

2020ರ ಏಪ್ರಿಲ್‌ನಿಂದ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಎಫ್‌ಐ. ಇಲ್ಲಿ ಐಡಲ್ ಹೊಂದಿಸುವುದು ಇಸಿಯು ಎಂಬ ಚಿಕ್ಕ ಕಂಪ್ಯೂಟರ್. ಬೆಳಿಗ್ಗೆ ಚಾಲೂ ಮಾಡಿದಾಗ ವೇಗ ಮೇಲಿದ್ದು ಒಂದೆರಡು ನಿಮಿಷಕ್ಕೆ ಇಳಿಯುವುದು ದೋಷವಲ್ಲ, ಅದು ಅದರ ಚೋಕ್. ಥ್ರಾಟಲ್ ಬಾಡಿ (ಗಾಳಿಯ ಬಾಗಿಲಿರುವ ಭಾಗ) ಮೇಲೆ ಬಣ್ಣ ಬಳಿದ ಸ್ಕ್ರೂ ಕಂಡರೆ ಮುಟ್ಟಬೇಡಿ. ಅದು ಐಡಲ್ ಸ್ಕ್ರೂ ಅಲ್ಲ, ಬಾಗಿಲಿನ ಕಾರ್ಖಾನೆ ಅಳತೆ. ಅದು ಅಲುಗಿದರೆ ಥ್ರಾಟಲ್ ಸೆನ್ಸರ್ ಇಸಿಯುಗೆ ತಪ್ಪು ಲೆಕ್ಕ ಕೊಡತೊಡಗುತ್ತದೆ. ಕೆಲವು ಎಫ್‌ಐ ಮಾದರಿಗಳಲ್ಲಿ ನಿಜಕ್ಕೂ ಹೊಂದಿಸುವ ಸ್ಕ್ರೂ ಇರುತ್ತದೆ, ಅದನ್ನು ಪುಸ್ತಕದಲ್ಲಿ ಚಿತ್ರ ಸಮೇತ ತೋರಿಸಿರುತ್ತಾರೆ. ಅದಕ್ಕೆ ಮಾತ್ರ ಕೈ ಹಾಕಿ.

ಐಡಲ್ ಏರುಪೇರಾದರೆ ಗಾಳಿ ಫಿಲ್ಟರ್, ಪ್ಲಗ್, ಬ್ಯಾಟರಿ ನೋಡಿಕೊಳ್ಳಿ. ಬ್ಯಾಟರಿ ಸೋತರೆ ಪಂಪ್, ಇಂಜೆಕ್ಟರ್ ಎರಡೂ ಸೋಲುತ್ತವೆ. ಚಾವಿ ತಿರುಗಿಸಿದ ಕೂಡಲೇ ಸೆಲ್ಫ್ ಒತ್ತದೆ, ಟ್ಯಾಂಕಿನ ಪಂಪ್ ಜುಯ್ ಎಂದು ನಿಲ್ಲುವವರೆಗೆ ತಾಳಿ. ಥ್ರಾಟಲ್ ಬಾಡಿಯ ಒಳಗೆ ಮಸಿ ಕಟ್ಟಿ ಗಾಳಿಯ ದಾರಿ ಕಿರಿದಾಗುವುದೂ ಸಾಮಾನ್ಯ, ಸರ್ವಿಸ್ ಸೆಂಟರ್‌ನಲ್ಲಿ ತೊಳೆಸಿ. ಎಂಜಿನ್ ದೀಪ ಹತ್ತಿಕೊಂಡೇ ಇದ್ದರೆ ದೋಷದ ಕೋಡ್ ಓದಿಸುವ ಮುಂಚೆ ಏನನ್ನೂ ಬಿಚ್ಚಿಸಬೇಡಿ.

ಬುಲೆಟ್ ಇರುವವರಿಗೆ ಒಂದು ಮಾತು

ಡುಗ್ ಡುಗ್ ಎಣಿಸುವಷ್ಟು ನಿಧಾನ ಬರಲೆಂದು ಹಳೆ ಬುಲೆಟ್‌ಗಳ ಐಡಲನ್ನು ಪುಸ್ತಕದ ಅಳತೆಗಿಂತ ಕೆಳಗೆ ಇಳಿಸಿಕೊಳ್ಳುವ ಆಸೆ ನಮ್ಮೂರಲ್ಲಿ ಬಹಳ. ಆ ಸದ್ದು ನನಗೂ ಇಷ್ಟ. ಆದರೆ ಪಂಪ್ ನಿಧಾನ ತಿರುಗಿದಷ್ಟೂ ವಾಲ್ವ್ ಒತ್ತುವ ರಾಕರ್‌ಗೆ ಆಯಿಲ್ ಏರುವುದು ತಡ. ಬೇಸಿಗೆಯಲ್ಲಿ ಕಾದ ಎಂಜಿನ್, ತೆಳುವಾದ ಆಯಿಲ್, ಜತೆಗೆ ಸೋತ ಪಂಪ್. ಸದ್ದಿಗಾಗಿ ಎಂಜಿನ್ನಿಗೆ ಇಂಥ ಶಿಕ್ಷೆ ಕೊಡಬೇಡಿ.

ಮರುದಿನ ಬೆಳಿಗ್ಗೆ

ಬಿಸಿ ಎಂಜಿನ್ನಿನಲ್ಲಿ ಹೊಂದಿಸಿದ್ದನ್ನು ತಣ್ಣಗಿರುವಾಗ ನೋಡದೆ ಕೆಲಸ ಮುಗಿಯಿತು ಎನ್ನುವಂತಿಲ್ಲ. ಮಾವ ಆ ರಾತ್ರಿ ನಮ್ಮಲ್ಲೇ ಉಳಿದರು. ಬೆಳಿಗ್ಗೆ ಆರಕ್ಕೆ, ಒಳ್ಳೆ ಚಳಿಯಲ್ಲಿ, ಚೋಕ್ ಎಳೆದು ಒಂದು ಕಿಕ್ ಹೊಡೆದರು, ಹತ್ತಿಕೊಂಡಿತು. ಒಂದು ನಿಮಿಷಕ್ಕೆ ಅರ್ಧ ಚೋಕ್, ಇನ್ನೊಂದು ನಿಮಿಷಕ್ಕೆ ಪೂರ್ತಿ ಒಳಗೆ. ಎಂಜಿನ್ ಮೆಲ್ಲಗೆ, ಸಮನಾಗಿ ತಿರುಗುತ್ತಿತ್ತು. ಮೊದಲ ಗೇರ್ ಹಾಕಿದರೆ ಟಕ್ ಇಲ್ಲ. ಐದು ಸೆಕೆಂಡಿಗೆ 57 ಗುಡ್ಡ ಎಣಿಸಿದೆ.

"ಸ್ಕ್ರೂ ಎಷ್ಟು ತಿರುಗಿಸಿದ್ಯೋ?" ಎಂದು ಕೇಳಿದರು.

"ಅವರು ಒಂದೂವರೆ ಸುತ್ತು ಬಿಗಿ ಮಾಡಿದ್ರು ಮಾವ. ನಾನು ಒಂದೂವರೆ ಸುತ್ತು ಬಿಚ್ಚಿದೆ, ಅಷ್ಟೇ."

ಹಳೆ ಫಿಲ್ಟರನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು, ಊರಲ್ಲಿ ತೋರಿಸಲಿಕ್ಕಂತೆ. ಈ ಸಲ ಒಕ್ಕಣೆ ಮುಗಿದ ವಾರವೇ ಹೊಸ ಫಿಲ್ಟರ್ ಕೊಳ್ಳಲು ಫೋನ್ ಮಾಡಿದ್ದಾರೆ.